ಹತ್ತು ಮನೆಗೆ ಒಂದು ಬಾವಿ ಸಾಲದೇ?

ನಮ್ಮ ಕಡೆ ‘ನೈನ್ ಇಲೆವೆನ್’ ಅಂದರೆ ಯಾರಿಗೂ ನ್ಯೂಯಾರ್ಕ್ ನೆನಪಾಗುವುದಿಲ್ಲ. ಗ್ರಾಮ ಪಂಚಾಯತಿನ ನಮೂನೆ 9 ಮತ್ತು ನಮೂನೆ 11 ನೆನಪಾಗುತ್ತವೆ :) ಜಾಗ ಉಂಟು, ಆರ್‌ಟಿಸಿ ಉಂಟು, ಆದರೆ “9/11 ಆಗ್ಲಿಲ್ಲ ಮಾರಾಯ್ರೆ” ಎಂಬ ಮಾತನ್ನು ಕಾಪುವಿನ ಹೋಟೆಲಲ್ಲೂ ಕೇಳಬಹುದು, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲೂ ಕೇಳಬಹುದು. ಆ ಕಾಗದ ಕೈಗೆ ಬರದೆ ಬ್ಯಾಂಕಿನವರು ಸಾಲದ ಮಾತೇ ಆಡುವುದಿಲ್ಲ.

ಇವತ್ತು ಬರೆಯಲು ಹೊರಟದ್ದು ಆ ಕಾಗದದ ಬಗ್ಗೆ ಅಲ್ಲ (ಅದು ಕೊನೆಗೆ ಬಂದೇ ಬರುತ್ತದೆ, ಬಿಡಿ). ಕಾಗದ ಸಿಕ್ಕಿದ ಮೇಲೆ ನಾವು ಕಟ್ಟುವುದು ಏನನ್ನು ಅನ್ನುವುದರ ಬಗ್ಗೆ. 2011ರ ಜನಗಣತಿಯ ಹೊತ್ತಿಗೆ ಉಡುಪಿ ನಗರಸಭೆಯ ಒಳಗೇ ಒಂದೂಕಾಲು ಲಕ್ಷ ಜನರಿದ್ದರು. ಆಮೇಲೆ ಹೆದ್ದಾರಿ 66 ಅಗಲವಾಯಿತು, 2018ರಲ್ಲಿ ಕಾಪು ತಾಲೂಕಾಯಿತು, ಮಣಿಪಾಲದ ಗುಡ್ಡ ಕಡಿದ ಕಡೆಯೆಲ್ಲ ಫ್ಲ್ಯಾಟುಗಳು ಎದ್ದವು. ಅವುಗಳಲ್ಲಿ ಅರ್ಧಕ್ಕರ್ಧ ‘ಗ್ರೀನ್’. ಬ್ರೋಷರಿನಲ್ಲಿ ನಾಲ್ಕು ತೆಂಗಿನಮರದ ಚಿತ್ರ, ಟೆರೇಸಿನ ಮೇಲೊಂದು ಸೋಲಾರ್ ಹಂಡೆ ಇದ್ದರೆ ಗ್ರೀನ್ ಆಗಿಬಿಡುತ್ತದೆ.

ನನಗನ್ನಿಸುವುದು ಬೇರೆ. ಆಸ್ಪತ್ರೆಯ ಆಯಾ, ಬಸ್ಸಿನ ಕಂಡಕ್ಟರ್, ಮೆಸ್ಸಿನ ಅಡುಗೆಯವ, ಮೀನು ಮಾರುವ ಹೆಂಗಸು ಇಂಥವರ ಕೈಗೆಟುಕುವ ಹಸಿರು ಮನೆ ನಮ್ಮೂರಲ್ಲಿ ಆಗಬೇಕಾದರೆ ಅದು ಸೋಲಾರಿನಿಂದ ಆಗುವುದಲ್ಲ, ಹಂಚಿಕೊಳ್ಳುವುದರಿಂದ ಆಗುವುದು. ಹತ್ತು ಮನೆಗೆ ಒಂದು ಬಾವಿ. ಒಂದು ಅಂಗಳ. ಕೊಳಚೆ ನೀರಿಗೆ ಒಂದೇ ವ್ಯವಸ್ಥೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಇಷ್ಟಾದರೆ ಮುಕ್ಕಾಲು ಕೆಲಸ ಆದ ಹಾಗೆ.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ.

ಕರಾವಳಿಯಲ್ಲಿ ಜಾಗವಿಲ್ಲದವರಿಗೆ ಸರಕಾರ ಕೊಟ್ಟ ಜಾಗಕ್ಕೆ ‘ಐದು ಸೆಂಟ್ಸ್’ ಅಂತಲೇ ಹೆಸರು. ‘ಅವರು ಐದು ಸೆಂಟ್ಸಿನಲ್ಲಿ ಇರುವುದು’ ಅಂದರೆ ಅದು ವಿಳಾಸವೂ ಹೌದು, ಸ್ವಲ್ಪ ಮಟ್ಟಿಗೆ ಜಾತಿ-ವರ್ಗದ ಸೂಚನೆಯೂ ಹೌದು. ಈಗ ದುಡ್ಡು ಕೊಟ್ಟು ಕೊಳ್ಳುವವರೂ ಅದೇ ಅಳತೆಗೆ, ಕೆಲವೊಮ್ಮೆ ಅದಕ್ಕಿಂತ ಸಣ್ಣದಕ್ಕೆ ಇಳಿದಿದ್ದಾರೆ. ಐದು ಸೆಂಟ್ಸ್ ಅಂದರೆ 2,178 ಚದರಡಿ. ಚೌಕ ಮಾಡಿದರೆ ಒಂದೊಂದು ಬದಿ 47 ಅಡಿಗೆ ಸ್ವಲ್ಪ ಕಡಿಮೆ. ಇದರೊಳಗೆ ಮನೆ ಬೇಕು, ಬಾವಿ ಬೇಕು, ಪಾಯಿಖಾನೆ ಗುಂಡಿ ಬೇಕು, ಬೈಕು ನಿಲ್ಲಿಸಬೇಕು, ಸುತ್ತ ಕಾಂಪೌಂಡ್ ಅಂತೂ ಬೇಕೇ ಬೇಕು.

ಬಾವಿಗೂ ಇಂಗುವ ಗುಂಡಿಗೂ ನಡುವೆ ಕನಿಷ್ಠ 15ರಿಂದ 18 ಮೀಟರ್ ಇರಬೇಕು ಅಂತ ಇಂಜಿನಿಯರುಗಳು ಹೇಳುತ್ತಾರೆ. ಅಂದರೆ 50-60 ಅಡಿ. ಇಡೀ ಜಾಗವೇ 47 ಅಡಿ! ಈ ಮೂಲೆಯಲ್ಲಿ ಬಾವಿ, ಆ ಮೂಲೆಯಲ್ಲಿ ಗುಂಡಿ ಅಂತ ಓರೆಯಲ್ಲಿ ಅಳೆದರೆ 66 ಅಡಿ ಸಿಗುತ್ತದೆ, ಸರಿ. ಆದರೆ ಆ ಮೂಲೆಯ ಗೋಡೆಯಾಚೆ ಇರುವುದು ಯಾವುದು? ಪಕ್ಕದ ಮನೆಯ ಬಾವಿ. ಅವರೂ ನಿಮ್ಮ ಹಾಗೆಯೇ ಬುದ್ಧಿವಂತಿಕೆಯಿಂದ ಓರೆಯಲ್ಲಿ ಅಳೆದು ತೋಡಿಸಿದ್ದಾರೆ. ನಿಮ್ಮ ಗುಂಡಿ ಅವರ ಬಾವಿಗೆ, ಅವರ ಗುಂಡಿ ನಿಮ್ಮ ಬಾವಿಗೆ. ನಮ್ಮ ನೆಲವೋ ಮುರಕಲ್ಲು, ತುಂಬ ತೂತು. ನೀರು ಅದರೊಳಗೆ ಸೋಸಿ ನಿಧಾನ ಇಳಿಯುತ್ತದೆ ಅಂದುಕೊಳ್ಳಬೇಡಿ. ಒಳಗಿನ ಬಿಲಗಳು ಸಿಕ್ಕಿದರೆ ಓಡಿಯೇ ಹೋಗುತ್ತದೆ. ಜುಲೈಯಲ್ಲಿ ಬಾವಿ ತುಂಬಿ ಕೈಗೆಟುಕುವಷ್ಟು ಮೇಲೆ ಬಂದಾಗ ಗುಂಡಿಯೂ ತುಂಬಿರುತ್ತದೆ ಅಂತ ಯೋಚಿಸಿದವರು ಎಷ್ಟು ಮಂದಿ? ‘ಬಾವಿ ನೀರು ಕುಡಿದು ಬೆಳೆದ ಜನ ನಾವು’ ಅಂತ ಹೆಮ್ಮೆ ಪಡುವವರು (ನಾನೂ ಅದರಲ್ಲಿ ಒಬ್ಬ) ಸ್ವಲ್ಪ ಈ ಚಿತ್ರವನ್ನು ಕಾಗದದ ಮೇಲೆ ಬಿಡಿಸಿ ನೋಡಬೇಕು.

ಅದೇ ಹತ್ತು ಸಂಸಾರ, ಅದೇ ಐವತ್ತು ಸೆಂಟ್ಸ್, ಅಂದರೆ ಅರ್ಧ ಎಕರೆ. ಒಟ್ಟಿಗೆ ಯೋಚಿಸಿದರೆ ಒಂದು ಬದಿ 147 ಅಡಿ. ಮೇಲಿನ ತುದಿಯಲ್ಲಿ ಬಾವಿ, ಕೆಳಗಿನ ತುದಿಯಲ್ಲಿ ಕೊಳಚೆ ನೀರಿನ ತೊಟ್ಟಿಗಳು. ನಡುವೆ ನೂರಡಿಗಿಂತ ಹೆಚ್ಚು ಅಂತರ. ಹತ್ತು ಮನೆಯವರು ಸೇರಿದರೆ ಬರೀ ಗುಂಡಿಯಲ್ಲ, ಸರಿಯಾದ್ದನ್ನೇ ಕಟ್ಟಬಹುದು: ಮೊದಲು ಕೆಸರು ತಂಗುವ ತೊಟ್ಟಿ, ಆಮೇಲೆ ಅಡ್ಡಗೋಡೆಗಳ ನಡುವೆ ನೀರು ಹತ್ತಿ ಇಳಿದು ಹೋಗುವ ತೊಟ್ಟಿ, ಕೊನೆಗೆ ಜಲ್ಲಿ ಹಾಸಿನ ಮೇಲೆ ಕಾಬಾಳೆ, ಕೆಸುವಿನಂಥ ಗಿಡಗಳು. ಪಂಪು ಬೇಡ, ಕರೆಂಟು ಬೇಡ, ಇಳಿಜಾರು ಇದ್ದರೆ ಸಾಕು. ನಮ್ಮೂರಲ್ಲಿ ಇಳಿಜಾರಿಗೆ ಬರಗಾಲವೇ? ಹೊರಗೆ ಬರುವ ನೀರು ತೆಂಗಿಗೆ, ಬಾಳೆಗೆ. ಇದನ್ನು ಒಂದೊಂದು ಮನೆಗೆ ಮಾಡಹೊರಟರೆ ಯಾರಿಗೂ ಎಟುಕುವುದಿಲ್ಲ. ಮಾಡದೇ ಇದ್ದರೆ ಏನಾಗುತ್ತದೆ ಅಂತ ನೋಡಬೇಕಾದವರು ಕಲ್ಸಂಕದಲ್ಲಿ ನಿಂತು ಇಂದ್ರಾಣಿಯನ್ನು ನೋಡಿ. ತೀರ್ಥ ಅಂತ ಹೆಸರಿಟ್ಟುಕೊಂಡ ಹೊಳೆಗೆ ಊರಿನ ಕೊಳಚೆ ಬಿಟ್ಟವರು ನಾವು.

ಇನ್ನು ಕಾಂಪೌಂಡ್. ಅರ್ಧ ಎಕರೆಗೆ ಸುತ್ತ ಒಂದೇ ಬೇಲಿಯಾದರೆ 590 ಅಡಿ. ಅದನ್ನೇ ಹತ್ತು ತುಂಡು ಮಾಡಿ ಎಲ್ಲರೂ ಗೋಡೆ ಕಟ್ಟಿದರೆ, ಪಕ್ಕದವರೊಡನೆ ಗೋಡೆ ಹಂಚಿಕೊಂಡರೂ, 1,200 ಅಡಿ ದಾಟುತ್ತದೆ. ಹೆಚ್ಚಿನ ಕಡೆ ಹಂಚಿಕೊಳ್ಳುವುದೂ ಇಲ್ಲ, ಗೋಡೆಗೆ ತಾಗಿ ಇನ್ನೊಂದು ಗೋಡೆ. 600 ಚದರಡಿಯ ಹತ್ತು ಮನೆಗಳನ್ನು (20 ಅಡಿ ಅಗಲ, 30 ಅಡಿ ಉದ್ದ ಅಂತಿಟ್ಟುಕೊಳ್ಳಿ) ಐದೈದರ ಎರಡು ಸಾಲು ಮಾಡಿ ಕಟ್ಟಿದರೆ ಹೊರಗೋಡೆಯಲ್ಲಿ 240 ಅಡಿ ಉಳಿಯುತ್ತದೆ, ಸುಮಾರು ಕಾಲು ಭಾಗ. ಆ ಗೋಡೆಗಳಿಗೆ ಬಿಸಿಲೂ ಬೀಳುವುದಿಲ್ಲ, ಮಳೆಯೂ ಹೊಡೆಯುವುದಿಲ್ಲ. ಎಲ್ಲ ಮನೆ ಸೇರಿ 6,000 ಚದರಡಿ. ಅರ್ಧ ಎಕರೆಯ ಮುಕ್ಕಾಲಿಗೆ ಹತ್ತಿರ ಹತ್ತಿರ ಖಾಲಿ. ಬಿಡಿ ಮನೆ ಕಟ್ಟಿದರೂ ಅಷ್ಟೇ ಖಾಲಿ ಉಳಿಯುತ್ತದೆ, ಆದರೆ ಅದು ಮನೆ ಸುತ್ತಲಿನ ಮೂರಡಿ ಓಣಿಗಳಾಗಿ ಉಳಿಯುತ್ತದೆ. ಅಲ್ಲಿ ಮರ ಬೆಳೆಯುವುದಿಲ್ಲ, ಮಕ್ಕಳು ಆಡುವುದಿಲ್ಲ. ಎ.ಸಿ.ಯ ಹೊರಡಬ್ಬ ಮಾತ್ರ ಇಡಬಹುದು.

ಇದನ್ನು ಪರಿಚಯದ ಮೇಸ್ತ್ರಿಯೊಬ್ಬರ ಹತ್ತಿರ ಹೇಳಿದೆ. ಮೂವತ್ತು ವರ್ಷದಿಂದ ಮನೆ ಕಟ್ಟುತ್ತಿರುವವರು. ಪೂರ್ತಿ ಕೇಳಿ, ಎಲೆ ಅಡಿಕೆ ಉಗುಳಿ ಬಂದು, “ನೀವು ಹೇಳುದು ಸರಿಯೇ. ಆದ್ರೆ ಇಬ್ಬರಿಗೆ ಒಂದು ಗೋಡೆ ಆದ್ರೆ ನಾಳೆ ಒಬ್ಬರು ಮೊಳೆ ಹೊಡ್ದಾಗ ಇನ್ನೊಬ್ಬರಿಗೆ ಜಗಳಕ್ಕೆ ಕಾರಣ ಸಿಕ್ತದೆ” ಅಂದರು. ಅದಕ್ಕೆ ನನ್ನಲ್ಲಿ ಆಗ ಉತ್ತರ ಇರಲಿಲ್ಲ. ಆಮೇಲೆ ಹೊಳೆಯಿತು: ಮಣಿಪಾಲದಲ್ಲಿ ಅರವತ್ತು-ಎಪ್ಪತ್ತು ಲಕ್ಷ ಕೊಟ್ಟು ಫ್ಲ್ಯಾಟ್ ಕೊಂಡವರಿಗೆ ಗೋಡೆ ಮಾತ್ರವಲ್ಲ, ನೆಲ-ಮಾಡೂ ಇನ್ನೊಬ್ಬರ ಜೊತೆಯೇ! ದುಡ್ಡು ಕೊಟ್ಟು ಹಂಚಿಕೊಂಡರೆ ಅಂತಸ್ತು, ದುಡ್ಡು ಉಳಿಸಲು ಹಂಚಿಕೊಂಡರೆ ಜಗಳ. ವಿಚಿತ್ರ ಅಲ್ವಾ?

ಹಾಗಾದರೆ ಬಡವರಿಗೂ ಫ್ಲ್ಯಾಟನ್ನೇ ಕಟ್ಟಿಕೊಡಬಹುದಲ್ಲ ಅಂತ ಕೇಳಬಹುದು. ಮಣಿಪಾಲದ ಪಕ್ಕ ಹೆರ್ಗದ ಸರಳೇಬೆಟ್ಟಿನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಜಿ+3 ಸಮುಚ್ಚಯ ಕಟ್ಟಿದ್ದಾರೆ. ಜಾಗದ ರೇಟು ನೋಡಿದರೆ ನಗರದ ಒಳಗೆ ಅದಕ್ಕಿಂತ ಬೇರೆ ದಾರಿ ಕಡಿಮೆ, ಒಪ್ಪುತ್ತೇನೆ. ಆದರೆ ಮೂರು ಮಹಡಿ ಮೇಲೆ ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಲ್ಲಿ? ಹಪ್ಪಳ, ಒಣಮೀನು ಹರವುವುದು ಎಲ್ಲಿ? ಬೀಡಿ ಕಟ್ಟುವವರು, ಹೂ ಕಟ್ಟುವವರು ಕೂರುವುದು ಎಲ್ಲಿ? ನಮ್ಮಲ್ಲಿ ಬಡವರ ಮನೆ ಬರೀ ಮಲಗುವ ಜಾಗವಲ್ಲ, ಅರ್ಧ ಸಂಪಾದನೆ ಅಂಗಳದಲ್ಲಿ ನಡೆಯುತ್ತದೆ. ಗಾರೆಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವವರಿಗೆ ಸ್ವಂತ ಮನೆಯಲ್ಲ, ಮರ್ಯಾದೆಯ ಬಾಡಿಗೆ ಕೋಣೆ ಬೇಕು. ಆ ವಿಷಯವೇ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಅಗ್ಗದ ಜಾಗ ಇರುವುದು ಕಾರ್ಕಳದ ಕಡೆ ಅಂತಾರೆ. ಇರಬಹುದು. ಅಲ್ಲಿಂದ ಮಣಿಪಾಲಕ್ಕೆ ದಿನಾ ಹೋಗಿ ಬರುವ ಬಸ್ಸಿನ ಖರ್ಚು ಯಾರು ಕೊಡುತ್ತಾರೆ? 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರಿಗೆಲ್ಲ ಸರಕಾರಿ ಬಸ್ಸು ಉಚಿತವಾಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಮನೆಯ ಕ್ರಯ ಅಂತ ಲೆಕ್ಕ ಹಾಕುವಾಗ ಇಪ್ಪತ್ತು ವರ್ಷದ ಟಿಕೆಟನ್ನೂ ಸೇರಿಸಿಯೇ ಹಾಕಬೇಕು. ಕಾಪುವಿನಲ್ಲಿ ಇನ್ನೊಂದು ಕತೆ: ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಸಮುದ್ರ. ಕಡಲ ಬದಿಯಲ್ಲಿ ಸಿಆರ್‌ಝಡ್ ನಿಯಮ, ಮೂಳೂರಿನ ಕಡೆ ಕೊರೆತ. ಅಲ್ಲಿ ಹೊಸ ಮನೆಗೆ ಉಳಿದಿರುವುದು ನಡುವಿನ ಪಟ್ಟಿ. ಅದು ಗದ್ದೆ, ಬೈಲು. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದ್ದು ಮರೆಯುವ ಹಾಗಿಲ್ಲ. ಬೈಲಿಗೆ ಮಣ್ಣು ತುಂಬಿಸಿ ಮನೆ ಕಟ್ಟಿದರೆ ನೀರು ಇನ್ನೊಬ್ಬರ ಮನೆಗೆ ಹೋಗುತ್ತದೆ, ಅಷ್ಟೆ. ಅದೇ ಊರಲ್ಲಿ ಅದಕ್ಕೆ ಒಂದೇ ವರ್ಷ ಹಿಂದೆ, 2019ರ ಮೇ ತಿಂಗಳಲ್ಲಿ, ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ನಗರಕ್ಕೆ ಪಾಳಿಯಲ್ಲಿ ನೀರು ಬಿಟ್ಟಿದ್ದರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು! ಒಂದು 600 ಚದರಡಿ ಮಾಡಿನ ಮೇಲೆ ವರ್ಷಕ್ಕೆ ಎರಡು ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಒಂದು ಮನೆಯವರು ಅದನ್ನು ಏನು ಮಾಡಿಯಾರು? ಹತ್ತು ಮನೆಯವರು ಸೇರಿದರೆ ಹಿಂದಿನವರ ಹಾಗೆ ಒಂದು ಸಣ್ಣ ಮದಗ ತೋಡಬಹುದು.

ಏನಿಂದ ಕಟ್ಟುವುದು ಅನ್ನುವುದರಲ್ಲಿ ನಮ್ಮೂರಿನವರಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಕೆಂಪುಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಡಿದಂತೆ ಗಟ್ಟಿ. ಸುಡಲು ಸೌದೆ ಬೇಡ. ಹಂಚು 1865ರಿಂದ ಮಂಗಳೂರಿನ ಜೆಪ್ಪುವಿನ ಬಾಸೆಲ್ ಮಿಶನ್ ಕಾರ್ಖಾನೆಯಲ್ಲಿ ಶುರುವಾಗಿ ದೇಶವಿಡೀ ಹೋದದ್ದು. ಆದರೆ ನಾವೀಗ ಮಾಡುವುದೇನು? ಮೊದಲು ಆರ್‌ಸಿಸಿ ಟೆರೇಸ್ ಹಾಕುತ್ತೇವೆ. ಎರಡನೇ ಮಳೆಗಾಲಕ್ಕೆ ಅದು ಸೋರುತ್ತದೆ, ಎಪ್ರಿಲಿನಲ್ಲಿ ಕಾದ ಕಾವಲಿಯಾಗುತ್ತದೆ. ಅದಕ್ಕೆ ಮೇಲಿಂದ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು. ಒಂದು ಮನೆಗೆ ಎರಡು ಮಾಡು! ಜಗತ್ತಿನಲ್ಲಿ ಬೇರೆಲ್ಲಾದರೂ ಹೀಗಿದೆಯೋ ಏನೋ.

ಪಕ್ಕಾಸು, ರೀಪು ಇಟ್ಟು ಹಂಚು ಹೊದೆಸಲು ಈಗ ಮರ ದುಬಾರಿ, ಮಂಗನ ಕಾಟ ಬೇರೆ ಅನ್ನುವವರಿಗೂ ದಾರಿ ಇದೆ. ತಿರುವನಂತಪುರದಲ್ಲಿ ಲಾರಿ ಬೇಕರ್ (2007ರಲ್ಲಿ ತೀರಿಕೊಂಡರು) ಮಾಡಿ ತೋರಿಸಿದ ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಹಾಗಿದ್ದರೆ ಅಲ್ಲಿ ಕಾಂಕ್ರೀಟ್ ಬದಲು ಹಂಚು ಇಟ್ಟರೆ ಆಗದೇ ಅನ್ನುವುದು ಅವರ ಯೋಚನೆ. ಸಿಮೆಂಟು ಕಡಿಮೆ, ಕಬ್ಬಿಣ ಕಡಿಮೆ, ಸೆಕೆ ಕಡಿಮೆ. ಅವರು ಇಟ್ಟದ್ದು ಯಾವ ಹಂಚು ಗೊತ್ತಾ? ಮಂಗಳೂರು ಹಂಚು. ನಮ್ಮ ಹಂಚಿಗೆ ಕೇರಳದಲ್ಲಿ ಬೆಲೆ! ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ದವರು 1974ರಿಂದ ಮಣ್ಣಿನ ಒತ್ತಿಟ್ಟಿಗೆಯ ಮೇಲೆ ಕೆಲಸ ಮಾಡಿದ್ದಾರೆ. ಕಾಪುವಿನ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ 1,200 ಮೆಗಾವ್ಯಾಟ್ ಕರೆಂಟು ತೆಗೆಯುವ ಸ್ಥಾವರ ಇದೆ. ಅದರ ಧೂಳು, ಬೂದಿ ಸಹಿಸಿದ ಊರಿನವರ ಮನೆಗೆ ಆ ಬೂದಿಯ ಇಟ್ಟಿಗೆಯಾದರೂ ಧರ್ಮಕ್ಕೆ ಸಿಗಬೇಡವೇ ಅಂತ ನನಗೆ ಅನ್ನಿಸುವುದುಂಟು. ಕೆಂಪುಕಲ್ಲಿನ ಬಗ್ಗೆ ಒಂದು ಎಚ್ಚರ: ಅದೂ ಮುಗಿಯುವ ವಸ್ತುವೇ. ಕಡಿದು ಬಿಟ್ಟ ಕೋರೆಗಳಲ್ಲಿ ನೀರು ತುಂಬಿ ಮಕ್ಕಳು ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ. 2025ರಲ್ಲಿ ಪರವಾನಗಿಯ ಬಿಗಿಯಿಂದ ಕರಾವಳಿಯಲ್ಲಿ ಕಲ್ಲು, ಮರಳು ಎರಡೂ ಸಿಗದೆ ಎಷ್ಟೋ ಮನೆಗಳ ಕೆಲಸ ನಿಂತಿತ್ತು. ಕಾಲು ಭಾಗ ಗೋಡೆ ಉಳಿಸುವುದು ಅಂದಾಗ ನಾನು ಬರೀ ದುಡ್ಡಿನ ಲೆಕ್ಕ ಹೇಳಿದ್ದಲ್ಲ.

ಅಂಗಳದ ಮಾತು ಬಂದಾಗ ಎಲ್ಲರೂ ಹಳೆಯ ಮನೆಗಳನ್ನು ನೆನೆಯುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪದ ಹೆರಿಟೇಜ್ ವಿಲೇಜ್ ಇದೆ. ಕಾಪುವಿನ ಕಡೆಯ ಕುಂಜೂರಿನ ಚೌಕಿ ಮನೆ, ಕಾರ್ಕಳದ ಮಿಯಾರಿನ ಮನೆ ಎರಡೂ ಅಲ್ಲಿವೆ. ಒಳಗೆ ಕಾಲಿಟ್ಟರೆ ಎಪ್ರಿಲಿನಲ್ಲೂ ತಂಪು. ನೋಡದವರು ಖಂಡಿತ ನೋಡಿ. ಆದರೆ ಆ ಅಂಗಳ ಒಂದೇ ಮನೆತನದ್ದು. ಆ ಬಾವಿಗೆ ಕೊಡಪಾನ ಇಳಿಸುವ ಹಕ್ಕು ಯಾರಿಗೆ ಇತ್ತು, ಯಾರು ದೂರ ನಿಂತು ಯಾರಾದರೂ ನೀರು ಎರೆಯಲಿ ಅಂತ ಕಾಯಬೇಕಿತ್ತು ಅಂತ ನಮಗೆಲ್ಲ ಗೊತ್ತು. ‘ನನ್ನದೇ ಬಾವಿ, ನನ್ನದೇ ಕಾಂಪೌಂಡ್’ ಅನ್ನುವ ಹಟ ಬರೀ ಜಂಬದಿಂದ ಬಂದದ್ದಲ್ಲ. ತಲೆಮಾರುಗಳ ಕಾಲ ಇನ್ನೊಬ್ಬರ ಬಾವಿಯ ಬಳಿ ಕಾದವರ ಮೊಮ್ಮಗನಿಗೆ ಸ್ವಂತ ಬಾವಿ ಎಂದರೆ ಸ್ವಾತಂತ್ರ್ಯ. ಐದು ಸೆಂಟ್ಸಿನ ಗೋಡೆಯನ್ನು ನೋಡಿ ನಗುವ ಮೊದಲು ಇದನ್ನು ನೆನಪಿಡಬೇಕು. ಅದಕ್ಕೇ ನನ್ನ ಮಟ್ಟಿಗೆ ಹತ್ತು ಮನೆಗೊಂದು ಬಾವಿ ಅನ್ನುವುದು ಹಳೆಯದಕ್ಕೆ ಮರಳುವುದಲ್ಲ. ಹಾಗೆ ಹತ್ತೂ ಜನ ಸಮಾನ ಹಕ್ಕಿನಿಂದ ನೀರು ಸೇದಿದ ಬಾವಿ ನಮ್ಮೂರಿನಲ್ಲಿ ಹಿಂದೆ ಎಷ್ಟಿದ್ದಾವು?

ಮನೆ ಪೂರ್ತಿ ಕಟ್ಟಿಯೇ ಕೊಡಬೇಕು ಅಂತಲೂ ಇಲ್ಲ. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಾಲಕೃಷ್ಣ ದೋಶಿಯವರು ಎಂಬತ್ತರ ದಶಕದಲ್ಲೇ ಬಡವರಿಗೆ ಕೊಟ್ಟದ್ದು ನಿವೇಶನ, ಅದರ ಮೇಲೆ ಶೌಚಾಲಯ-ನೀರಿನ ಮೂಲಭಾಗ. ಮಿಕ್ಕದ್ದನ್ನು ಅವರವರು ದುಡಿದಂತೆ ಕಟ್ಟಿಕೊಂಡರು. ಚಿಲಿ ದೇಶದ ಇಕೀಕೆಯಲ್ಲಿ ಅಲೆಹಾಂದ್ರೊ ಅರವೇನಾ ತಂಡದವರು ಅರ್ಧ ಮನೆ ಕಟ್ಟಿ ಇನ್ನರ್ಧಕ್ಕೆ ಜಾಗ ಬಿಟ್ಟುಕೊಟ್ಟರು. ಇಬ್ಬರಿಗೂ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, 2018ರಲ್ಲಿ ಮತ್ತು 2016ರಲ್ಲಿ. ನಮ್ಮಲ್ಲಿ ‘ಈ ವರ್ಷ ಪಂಚಾಂಗ, ಬರುವ ವರ್ಷ ಲಿಂಟಲ್, ತಮ್ಮ ದುಬಾಯಿಂದ ಬಂದಾಗ ಮಾಡು’ ಅಂತ ಕಟ್ಟುವವರಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ, ಪಾಪ :) ಆ ಅಭ್ಯಾಸ ನಮ್ಮವರಿಗೆ ಮೊದಲೇ ಇದೆ. ಬೇಕಿರುವುದು ನೆಲದಡಿಯ ಪೈಪು, ಬಾವಿ, ದಾರಿ ಇಷ್ಟನ್ನು ಮೊದಲೇ ಸರಿಯಾಗಿ ಮಾಡುವವರು.

ದುಡ್ಡು? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ. ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿ ಹೋಯಿತು, ಪಿಗ್ಮಿ ಅನ್ನುವ ಮಾತು ಮಾತ್ರ ಸಹಕಾರಿ ಸೊಸೈಟಿಗಳಲ್ಲಿ ಉಳಿದಿದೆ. ಹತ್ತು ಸಂಸಾರ ಸೇರಿ ದಿನದ ಪಿಗ್ಮಿಯಿಂದ ಮೂಲಭಾಗದ ಪಾಲು ಕೂಡಿಸುವುದು ಅಂದರೆ ಈ ಊರಿಗೆ ಪರಕೀಯ ವಿಚಾರ ಅಲ್ಲವೇ ಅಲ್ಲ. ನಮ್ಮಲ್ಲಿ ಸಹಕಾರಿ ಗೃಹ ನಿರ್ಮಾಣ ಸಂಘ ಅಂತ ಇರುವವು ಹೆಚ್ಚಾಗಿ ಜಾಗ ಕೊಂಡು, ಸೈಟು ಮಾಡಿ, ಹಂಚಿ ಮುಗಿಸುತ್ತವೆ. ಮನೆಯ ಮಟ್ಟಕ್ಕೆ ಸಹಕಾರ ಬರುವುದೇ ಇಲ್ಲ.

ಈಗ ಬಂತು ನೋಡಿ ಕಾಗದ. ಯೋಜನೆಯ ಸಹಾಯಧನ ಸಿಗುವುದು ಒಬ್ಬರ ಹೆಸರಿನ ಜಾಗಕ್ಕೆ. ಸಾಲ ಸಿಗುವುದು ಒಬ್ಬರ ಹೆಸರಿನ 9/11ಕ್ಕೆ. ಮನೆಯ ನಾಲ್ಕೂ ಬದಿ ಜಾಗ ಬಿಡಬೇಕು ಅನ್ನುವ ನಿಯಮ ಬಿಡಿ ಮನೆಯನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು. ಅಪಾರ್ಟ್‌ಮೆಂಟಿಗೆ 1972ರ ಕಾಯಿದೆ ಇದೆ, ಲಿಫ್ಟು, ಮೆಟ್ಟಿಲು, ನೆಲ ಎಲ್ಲರದ್ದು ಅಂತ ಬರೆಯಲು ಬರುತ್ತದೆ. ಹಂಚಿನ ಮಾಡಿನ ಹತ್ತು ಸಾಲುಮನೆಗೆ, ನಡುವಿನ ಅಂಗಳಕ್ಕೆ, ಮೂಲೆಯ ಬಾವಿಗೆ ಹಾಗೆ ಬರೆಯಿಸಹೊರಟರೆ ಕಚೇರಿಯಲ್ಲಿ ಮೊದಲ ಪ್ರಶ್ನೆಯೇ ‘ಖಾತೆ ಯಾರ ಹೆಸರಿಗೆ?’ ಎಂಬುದು. ಕಡಿಮೆ ಖರ್ಚಿನ ಕಟ್ಟಡಕ್ಕೆಂದೇ ಹುಟ್ಟಿದ ನಿರ್ಮಿತಿ ಕೇಂದ್ರ ನಮ್ಮ ಜಿಲ್ಲೆಯಲ್ಲೂ ಇದೆ. ಸಭಾಭವನ, ಶೌಚಾಲಯ, ಶಾಲೆ ರಿಪೇರಿಗಳ ನಡುವೆ ಅರ್ಧ ಎಕರೆಯಲ್ಲಿ ಇಂಥದೊಂದು ಹತ್ತು ಮನೆಯ ಮಾದರಿ ಕಟ್ಟಿ, ಕಾಗದ ಸಮೇತ ತೋರಿಸಿದರೆ ಎಷ್ಟೋ ಭಾಷಣಕ್ಕಿಂತ ಉಪಕಾರವಾದೀತು. ಕಾರ್ಕಳದಲ್ಲಾಗಲಿ, ಕಾಪುವಿನಲ್ಲಾಗಲಿ, ಬಸ್ಸಿನ ದಾರಿಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಸಾಕು.

ನಿಮ್ಮೂರುಗಳಲ್ಲಿ ನಾಲ್ಕೈದು ಸಂಸಾರವಾದರೂ ಸೇರಿ ಒಂದೇ ಬಾವಿ, ಒಂದೇ ಅಂಗಳ ಇಟ್ಟುಕೊಂಡು ಮನೆ ಕಟ್ಟಿಕೊಂಡದ್ದು ಇದ್ದರೆ ದಯವಿಟ್ಟು ಬರೆಯಿರಿ. ಮನೆ ಹೇಗಿದೆ ಅನ್ನುವುದಕ್ಕಿಂತ, ಬಾವಿಯನ್ನು ಯಾರ ಹೆಸರಿಗೆ ಬರೆಸಿಕೊಂಡರು ಅಂತ ತಿಳಿಯಬೇಕು ನನಗೆ.